ಉಪ್ಪು ಜಾಸ್ತಿ ತಿಂದರೆ ಮೈಗ್ರೇನ್ ಬರುತ್ತದೆಯೇ? ಮಿದುಳಿನ ಸೋಡಿಯಂಗೂ ಇದಕ್ಕೂ ಏನು ಸಂಬಂಧ?

ಸಂಬಂಧ ಇದೆ, ಆದರೆ ಗಂಜಿಗೆ ನೆಂಚಿಕೊಳ್ಳುವ ಮಿಡಿ ಉಪ್ಪಿನಕಾಯಿಯನ್ನು ದೂರಬೇಡಿ. ಇಲ್ಲಿ ಮುಖ್ಯವಾಗುವುದು ಮಿದುಳಿನ ಜೀವಕೋಶದ ಒಳಗೆ ಎಷ್ಟು ಸೋಡಿಯಂ, ಹೊರಗೆ ಎಷ್ಟು ಎಂಬ ಲೆಕ್ಕ.

ಕೋಶದ ಹೊರಗೆ ಸೋಡಿಯಂ ಹೆಚ್ಚು, ಒಳಗೆ ಕಡಿಮೆ ಇರಬೇಕು. ಇದನ್ನು ಕಾಯುವುದು ಕೋಶದ ಹೊರಪೊರೆಯಲ್ಲಿರುವ ಒಂದು ಪಂಪು. ಪ್ರತಿ ಸುತ್ತಿಗೆ 3 ಸೋಡಿಯಂ ಹೊರಕ್ಕೆ, 2 ಪೊಟ್ಯಾಸಿಯಂ ಒಳಕ್ಕೆ. ಪಂಪು ಸೋತರೆ ಹೊರಗೆ ಪೊಟ್ಯಾಸಿಯಂ ತುಂಬಿಕೊಂಡು ನರಕೋಶಗಳು ಕೆರಳುತ್ತವೆ, ಆಮೇಲೆ ಸ್ತಬ್ಧವಾಗುತ್ತವೆ. ಹೀಗೆ ಕೆರಳಿ ಸ್ತಬ್ಧವಾಗುವುದು ಒಂದು ಅಲೆಯಂತೆ ಮಿದುಳಿನ ಮೇಲ್ಪದರದಲ್ಲಿ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಸರಿಯುತ್ತದೆ, ಅಷ್ಟು ನಿಧಾನ.

ಉಡುಪಿಯ ನಮ್ಮ ಮನೆಯಲ್ಲಿ ಅಮ್ಮ ಬೆಳಿಗ್ಗೆ ಪೇಪರ್ ಓದುವಾಗ "ಒಂದು ಅಕ್ಷರ ಕಾಣುವುದಿಲ್ಲ ಮಾರಾಯ" ಅನ್ನುತ್ತಿದ್ದರು. ಅಂಕುಡೊಂಕಾದ ಹೊಳೆಯುವ ಗೆರೆ ಅಲ್ಲಿಂದ ಹೊರಟು ಕಣ್ಣಂಚು ಮುಟ್ಟಲು 20 ನಿಮಿಷ. ಆಮೇಲೆ ಮೈಗ್ರೇನಿನ ನೋವು. ಅವರು ನೋಡುತ್ತಿದ್ದದ್ದು ಆ ಅಲೆಯನ್ನೇ.

ಪಂಪಿನ ಜೀನ್‌ನಲ್ಲೇ ದೋಷವಿದ್ದರೆ, ಮೈಯ ಒಂದು ಬದಿ ಸ್ವಲ್ಪ ಹೊತ್ತು ಬಲ ಕಳೆದುಕೊಳ್ಳುವ ಅಪರೂಪದ ವಂಶಪಾರಂಪರ್ಯ ಮೈಗ್ರೇನ್ ಬರಬಹುದು. ಸಾಮಾನ್ಯ ಮೈಗ್ರೇನ್ ಇರುವವರಲ್ಲೂ ಮಿದುಳಿನ ಸುತ್ತಲಿನ ದ್ರವದಲ್ಲಿ ಸೋಡಿಯಂ ಹೆಚ್ಚಿರುವುದು ಕಂಡುಬಂದಿದೆ. ಅದು ಕಾರಣವೋ ಪರಿಣಾಮವೋ ಎಂದು ವಿಜ್ಞಾನಿಗಳು ಇನ್ನೂ ತೀರ್ಮಾನಿಸಿಲ್ಲ.

ಊಟದ ಉಪ್ಪು ನೇರ ಅಲ್ಲಿಗೆ ಹೋಗುವುದಿಲ್ಲ. ರಕ್ತದ ಸೋಡಿಯಂ ಅನ್ನು ಮೂತ್ರಪಿಂಡ ಲೀಟರಿಗೆ 135–145 ಮಿಲಿಮೋಲ್ ಒಳಗೆ ಹಿಡಿದಿಡುತ್ತದೆ, ಮಿದುಳಿಗೆ ಬೇರೆ ತಡೆಗೋಡೆಯೂ ಇದೆ. ಮಂಗಳೂರಿನ ಮೇ ಸೆಕೆಯಲ್ಲಿ ಬೆವರಿ, ಊಟ ತಪ್ಪಿಸಿದರೆ ತಲೆನೋವು ಶುರುವಾಗಬಹುದು. ಆಗ ನೀರು ಕುಡಿದು ಊಟ ಮಾಡಿ. ಬಿಪಿ ಇರುವವರು ಮೈಗ್ರೇನಿಗೆಂದು ಉಪ್ಪುನೀರು ಕುಡಿಯಲೇಬೇಡಿ.