ಕಂಬಿ ಗಟ್ಟಿ ಅಂದ್ರೆ ಯಾವ ಗಟ್ಟಿ?

ಪ್ರಶ್ನೆ: ಸರ್, ನಾನು ಸಿವಿಲ್ ಡಿಪ್ಲೊಮಾ ಸೆಕೆಂಡ್ ಇಯರ್. ನಮ್ಮನೆ ಮೋಲ್ಡಿಗೆ ಡ್ರಾಯಿಂಗಲ್ಲಿ ಎಫ್‌ಇ 415 ಕಂಬಿ ಅಂತಿದೆ, ಅಂಗಡಿಯವರು ಎಫ್‌ಇ 500 ತಗೊಳ್ಳಿ ಇನ್ನೂ ಗಟ್ಟಿ ಅಂತಾರೆ. ಅದನ್ನ ಹಾಕಿದ್ರೆ ಮೋಲ್ಡ್ ಬಗ್ಗೋದು ಕಮ್ಮಿ ಆಗುತ್ತಲ್ವಾ?
– ವಿದ್ಯಾರ್ಥಿನಿ, ಹಾವೇರಿ

ಉತ್ತರ: ಆಗಲ್ಲಮ್ಮ. ಈ ಗೊಂದಲಕ್ಕೆ ನಮ್ಮ 'ಗಟ್ಟಿ' ಅನ್ನೋ ಪದಾನೇ ಕಾರಣ ಅನ್ಸುತ್ತೆ ನಂಗೆ. ಹಗ್ಗ ಗಟ್ಟಿ ಅಂದ್ರೆ ಕಿತ್ತುಹೋಗಲ್ಲ ಅಂತ, ಹಲಗೆ ಗಟ್ಟಿ ಅಂದ್ರೆ ಮೇಲೆ ನಿಂತ್ರೆ ಬಳುಕಲ್ಲ ಅಂತ, ಮೊಸರು ಗಟ್ಟಿ ಅಂದ್ರೆ ಅದು ಬೇರೇನೇ. ಹಗ್ಗದ ಗಟ್ಟಿ ಸ್ಟ್ರೆಂತ್, ಹಲಗೆಯ ಗಟ್ಟಿ ಸ್ಟಿಫ್‌ನೆಸ್.

415, 500 ಅನ್ನೋದು ಸ್ಟ್ರೆಂತಿನ ಲೆಕ್ಕ. ಒಂದು ಚದರ ಮಿಲಿಮೀಟರಿಗೆ ಹೆಚ್ಚುಕಮ್ಮಿ ಅಷ್ಟು ನ್ಯೂಟನ್ ಎಳೆಯೋವರೆಗೂ ಕಂಬಿ, ಬಿಟ್ಟ ತಕ್ಷಣ ಮೊದಲಿನ ಉದ್ದಕ್ಕೆ ವಾಪಸ್ ಬರುತ್ತೆ, ಅದು ದಾಟಿದ್ರೆ ಉದ್ದ ಆಗಿದ್ದು ಹಾಗೇ ಉಳಿಯುತ್ತೆ. ಈಗ ಒಂದು ಮೀಟರ್ ಉದ್ದದ 12 ಎಂಎಂ ಕಂಬಿ ನೇತುಹಾಕಿ ಕೆಳಗೆ ಒಂದು ಟನ್ ತೂಕ ಕಟ್ಟಿದ್ವಿ ಅಂತಿಟ್ಕೊಳ್ಳಿ. ಏರಿಯಾ 113 ಚದರ ಮಿಮೀ, ಸ್ಟ್ರೆಸ್ ಅಂದ್ರೆ ಒಂದು ಚದರ ಮಿಮೀ ಮೇಲಿನ ಎಳೆತ ಸುಮಾರು 87 ನ್ಯೂಟನ್, ಅದನ್ನ ಯಂಗ್ಸ್ ಮಾಡ್ಯುಲಸ್ (ವಸ್ತು ಎಷ್ಟು ಸ್ಟಿಫ್ ಅನ್ನೋ ಅಂಕಿ) 2 ಲಕ್ಷದಿಂದ ಭಾಗಿಸಿ ಉದ್ದಕ್ಕೆ ಗುಣಿಸಿದ್ರೆ 0.43 ಮಿಮೀ ಹಿಗ್ಗುತ್ತೆ. 415 ಆದ್ರೂ ಅಷ್ಟೇ, 500 ಆದ್ರೂ ಅಷ್ಟೇ! ಯಾಕಂದ್ರೆ ಟಿಎಂಟಿ, ಅಂದ್ರೆ ಈ ಥರದ ಕಂಬಿ, ಮಾಡುವಾಗ ಕೆಂಡದಂಥ ಕಂಬಿಗೆ ನೀರು ಹೊಡೆದು ಹೊರಪದರ ಗಡುಸು ಮಾಡ್ತಾರೆ, ಅದ್ರಿಂದ ಸ್ಟ್ರೆಂತ್ ಏರುತ್ತೆ, ಆದ್ರೆ ಕಬ್ಬಿಣದ ಪರಮಾಣುಗಳು ಒಂದನ್ನೊಂದು ಹಿಡ್ಕೊಂಡಿರೋ ಬಿಗಿ ಬದಲಾಗಲ್ಲ, ಮಾಡ್ಯುಲಸ್ ಅನ್ನೋದು ಆ ಬಿಗಿಯ ಲೆಕ್ಕ. ವ್ಯತ್ಯಾಸ ಕಾಣೋದು ತೂಕ ಸುಮಾರು 4.8 ಟನ್ ದಾಟಿದ್ಮೇಲೆ, ಅಲ್ಲಿ 415 ಸೋಲುತ್ತೆ, 500 ಆದ್ರೆ 5.8 ಟನ್ ಹತ್ರದವರೆಗೂ ತಡೆಯುತ್ತೆ.

ಇನ್ನೊಂದು ವಿಷ್ಯ, ದಯವಿಟ್ಟು ಮನೇಲೂ ಹೇಳಿ. 500 ಇದೆಯಲ್ಲ ಅಂತ ಕಂಬಿ ಕಮ್ಮಿ ಮಾಡಿದ್ರೆ ಉಳಿದ ಕಂಬಿಗಳ ಮೇಲೆ ಸ್ಟ್ರೆಸ್ ಏರಿ ಅವು ಇನ್ನೂ ಹಿಗ್ತವೆ, ಮೋಲ್ಡ್ ಬಗ್ಗೋದೂ ಕೂದಲೆಳೆ ಬಿರುಕೂ ಜಾಸ್ತಿ ಆಗಬಹುದು. ಡಿಸೈನ್ ಮಾಡಿದ ಇಂಜಿನಿಯರನ್ನ ಕೇಳದೇ ಬದಲಾಯಿಸ್ಬೇಡಿ.

ಬಗ್ಗೋದು ಕಮ್ಮಿ ಆಗ್ಬೇಕಂದ್ರೆ ದಪ್ಪ ಮುಖ್ಯ. ನಿಮ್ಮ ಪ್ಲಾಸ್ಟಿಕ್ ಸ್ಕೇಲನ್ನ ಎರಡು ಪುಸ್ತಕದ ಮೇಲೆ ಅಡ್ಡಡ್ಡ ಮಲಗಿಸಿ ನಡುವೆ ಬೆರಳಿಂದ ಒತ್ತಿ, ಆಮೇಲೆ ಅದನ್ನೇ ಅಂಚಿನ ಮೇಲೆ ನಿಲ್ಲಿಸಿ ಒತ್ತಿ. ಅಗಲ 30 ಮಿಮೀ, ದಪ್ಪ 3 ಮಿಮೀ ಇದ್ರೆ ನಿಲ್ಲಿಸಿದ ಸ್ಕೇಲು 100 ಪಟ್ಟು ಜಾಸ್ತಿ ಸ್ಟಿಫ್, ಪ್ಲಾಸ್ಟಿಕ್ ಅದೇ. ಬೀಮನ್ನ ಅಗಲಕ್ಕಿಂತ ಎತ್ತರ ಜಾಸ್ತಿ ಇಡೋದು ಇದಕ್ಕೇನೇ.

ಪ್ರಶ್ನೆ: ಮೋಲ್ಡ್ ಹಾಕಿ ಮೂರು ದಿನ ಆಯ್ತು, ಕಲ್ಲಿನಂಗೆ ಆಗಿದೆ, ನೀರು ಸಾಕು ಅಂತಾರೆ ಮೇಸ್ತ್ರಿ. ಒಣಗಿದ್ರೆ ತಾನೇ ಗಟ್ಟಿಯಾಗೋದು, ಮತ್ತೆ ಕ್ಯೂರಿಂಗ್ ಅಂತ ನೀರು ಹಾಕೋದು ಯಾಕೆ ಸರ್?
– ಓದುಗರು, ತಿಪಟೂರು

ಉತ್ತರ: ಇಲ್ಲಿ ಬಂತು ನೋಡಿ ಮೊಸರಿನ ಗಟ್ಟಿ. ಹಾಲು ಒಣಗಿ ಮೊಸರಾಗಲ್ಲ, ಹೆಪ್ಪುಗಟ್ಟಿ ಆಗುತ್ತೆ, ಕಾಂಕ್ರೀಟೂ ಹಂಗೇ, ಸಿಮೆಂಟು ನೀರಿನ ಜೊತೆ ಸೇರಿ ಹೊಸ ವಸ್ತು ಆಗುತ್ತೆ, ಅದೇ ಜಲ್ಲಿ ಮರಳನ್ನ ಹಿಡಿದಿಡೋ ಅಂಟು. ನೀರು ಆರಿಹೋದ್ರೆ ಆ ಕೆಲಸ ಅಲ್ಲಿಗೇ ನಿಲ್ಲುತ್ತೆ, ಒಳಗೆ ಸಿಮೆಂಟ್ ಕಣ ಅರ್ಧಂಬರ್ಧ ಉಳಿದಿರುತ್ತೆ, ಹೊರಗಿಂದ ಕಾಣಲ್ಲ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಒಪಿಸಿ (ಸಾದಾ ಪೋರ್ಟ್‌ಲ್ಯಾಂಡ್) ಸಿಮೆಂಟಿಗೆ ಕನಿಷ್ಠ 7 ದಿನ, ಪಿಪಿಸಿ (ಹಾರುಬೂದಿ ಬೆರೆಸಿದ್ದು) ಥರದ್ದಾದ್ರೆ ಅಥವಾ ಒಣ ಬಿಸಿಲಿದ್ರೆ ಕನಿಷ್ಠ 10 ದಿನ ಒದ್ದೆ ಇರ್ಬೇಕು. ಅಂಚಿಗೆ ಗಾರೆ ಕಟ್ಟೆ ಕಟ್ಟಿ ನೀರು ನಿಲ್ಸಿ, ಬೀಮು ಕಂಬಕ್ಕೆ ಗೋಣಿಚೀಲ ಸುತ್ತಿ.

ಆದ್ರೆ ಮಾಲು ಕಲೆಸುವಾಗ ನೀರು ಸುರೀಬೇಡಿ. 50 ಕೆಜಿ ಚೀಲದ ಸಿಮೆಂಟಿಗೆ ಬೇಕಾಗೋದು ಸುಮಾರು 19 ಲೀಟರ್, ಹರಡೋಕೆ ಸುಲಭ ಆಗ್ಲಿ ಅಂತ 25 ಹಾಕಿದ್ರೂ ಸರಿ, 35 ಹಾಕಿದ್ರೆ ಹೆಚ್ಚಾದ ನೀರು ಆವಿಯಾಗಿ ಅದು ಇದ್ದ ಜಾಗ ತೂತಾಗಿ ಉಳಿಯುತ್ತೆ. ಎಂ20 ದರ್ಜೆ ಕಾಂಕ್ರೀಟ್ ಅಂದ್ರೆ 150 ಮಿಮೀ ಕ್ಯೂಬು 28 ದಿನಕ್ಕೆ ಸುಮಾರು 46 ಟನ್ ಹೊರಬೇಕು, ಸಣ್ಣ ತೂತುಗಳಿಂದ ತುಂಬಿದ ಕಾಂಕ್ರೀಟು ಅಷ್ಟು ಹೊರಲ್ಲ.

ಪ್ರಶ್ನೆ: ಬಿಸಿಲಿಗೆ ಕಂಬಿ ಜಾಸ್ತಿ ಹಿಗ್ಗಿ ಕಾಂಕ್ರೀಟ್ ಬಿರುಕು ಬಿಡಲ್ವಾ?
– ವಿದ್ಯಾರ್ಥಿ, ಶಿರಸಿ

ಉತ್ತರ: ಎರಡೂ ಹೆಚ್ಚುಕಮ್ಮಿ ಸಮ ಹಿಗ್ತವೆ. 10 ಮೀಟರ್ ಬೀಮಿನ ಬಿಸಿ 20 ಡಿಗ್ರಿ ಏರಿದ್ರೆ ಕಂಬಿ 2.4 ಮಿಮೀ, ಕಾಂಕ್ರೀಟ್ ಸುಮಾರು 2 ಮಿಮೀ. ಕಂಬಿ ಜಾಗದಲ್ಲಿ ಅಲ್ಯೂಮಿನಿಯಂ ಇದ್ದಿದ್ರೆ 4.6 ಆಗ್ತಿತ್ತು, ಆಗ ನೀವು ಹೆದರಿದ್ದು ನಿಜ ಆಗ್ತಿತ್ತು.