ಪಿ 0171 ಕೋಡ್ ಬಂದರೆ ಆಕ್ಸಿಜನ್ ಸೆನ್ಸರ್ ಬದಲಿಸಬೇಕಾ?

ಬೇಡ, ಈಗಲೇ ಬೇಡ. ನೀವು ಬರೆದಿರುವುದು ಇಷ್ಟು: ಪೆಟ್ರೋಲ್ ಕಾರು, ಮ್ಯಾಫ್ ಸೆನ್ಸರ್ (ಇಂಜಿನ್ ಒಳಗೆ ಹೋಗುವ ಗಾಳಿ ಅಳೆಯುವ ಸೆನ್ಸರ್) ಇದೆ, ಓಡಾಟ ಹೆಚ್ಚಾಗಿ ಹುಬ್ಬಳ್ಳಿ–ನವಲಗುಂದ. ಚೆಕ್ ಇಂಜಿನ್ ಲೈಟ್ ಹತ್ತಿದೆ, ಸ್ಕ್ಯಾನರ್ ಪಿ 0171 ತೋರಿಸುತ್ತಿದೆ, ಅಳಿಸಿದರೂ ಮತ್ತೆ ಬರುತ್ತಿದೆ. ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ ಹಾಕಿಸಿ ಅಂತಿದ್ದಾರೆ.

ಪಿ 0171 ಅಂದ್ರೆ ಇಂಜಿನ್‌ಗೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತ. ಯಾವ ಪಾರ್ಟ್ ಕೆಟ್ಟಿದೆ ಅಂತ ಅದು ಹೇಳುವುದಿಲ್ಲ. ಒಂದು ಪಾಲು ಪೆಟ್ರೋಲ್‌ಗೆ ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಗಾಳಿ ಹೆಚ್ಚಾದರೆ ಅದನ್ನು ಹೊಗೆಯಲ್ಲಿ ಗುರುತಿಸುವುದೇ ಆಕ್ಸಿಜನ್ ಸೆನ್ಸರ್. ಅದನ್ನೇ ಕಿತ್ತುಹಾಕುವುದು ಅಂದ್ರೆ ದೂರು ಕೊಟ್ಟವನನ್ನೇ ಹಿಡಿದು ಒಳಗೆ ಹಾಕಿದ ಹಾಗೆ. ಸೆನ್ಸರ್ರೇ ಕೆಟ್ಟಿದ್ದರೆ ಸಾಮಾನ್ಯವಾಗಿ ಪಿ 0131, ಪಿ 0133, ಪಿ 0135 ಇಂಥ ಬೇರೆ ಕೋಡ್ ಬರುತ್ತವೆ.

ದಯವಿಟ್ಟು ಕೋಡ್ ಅಳಿಸುವುದನ್ನು ನಿಲ್ಲಿಸಿ. ಅಳಿಸಿದಾಗ ಅದರ ಜೊತೆಗಿನ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ. ಕೋಡ್ ಬಿದ್ದ ಹೊತ್ತಿಗೆ ವೇಗ ಎಷ್ಟಿತ್ತು, ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಬಿಸಿಯಾಗಿತ್ತಾ, ಎಲ್ಲ ಅದರಲ್ಲೇ ಇರುತ್ತದೆ. ಮೊದಲು ಅದರ ಫೋಟೋ ತೆಗೆದಿಟ್ಟುಕೊಳ್ಳಿ.

ಆಮೇಲೆ ಇಂಜಿನ್ ಪೂರ್ತಿ ಬಿಸಿಯಾದ ಮೇಲೆ ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ ಎರಡನ್ನೂ ಕೂಡಿಸಿ ನೋಡಿ. ಇಂಜಿನ್ ಎಷ್ಟು ಪೆಟ್ರೋಲ್ ಹೆಚ್ಚಿಗೆ ಸುರಿದು ಸರಿದೂಗಿಸುತ್ತಿದೆ ಅನ್ನೋ ಲೆಕ್ಕ ಅದು. ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ) ಶೇ. 20ರ ಮೇಲಿದ್ದು, 2500 ಆರ್‌ಪಿಎಂಗೆ ಏರಿಸಿದಾಗ ಇಳಿದರೆ ಎಲ್ಲೋ ಗಾಳಿ ಒಳಕ್ಕೆ ಸೋರುತ್ತಿದೆ. ಐಡಲ್‌ನಲ್ಲಿ ಸರಿಯಿದ್ದು, ಗಾಡಿ ಎಳೆಯುವಾಗ ಏರಿದರೆ ಮ್ಯಾಫ್ ಸೆನ್ಸರ್ ಕೊಳೆ ಅಥವಾ ಪೆಟ್ರೋಲ್ ಪ್ರೆಶರ್ ಕಡಿಮೆ ಅಂತ ಅನುಮಾನಪಡಿ. ಒಂದು ರೂಪಾಯಿ ಪಾರ್ಟ್ ಹಾಕದೆ ಅರ್ಧ ದಾರಿ ಇಲ್ಲೇ ಸವೆಯುತ್ತದೆ.

ಗಾಳಿ ಸೋರಿಕೆ ಹುಡುಕುವಾಗ ಏರ್ ಫಿಲ್ಟರ್ ಡಬ್ಬಿಯಿಂದ ಥ್ರಾಟಲ್‌ಗೆ (ಇಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಹೋಗುವ ರಬ್ಬರ್ ಪೈಪ್ ಮೊದಲು ನೋಡಿ. ಮೇಲಿಂದ ನೋಡಿದರೆ ಹೊಸದರ ಹಾಗೆ ಕಾಣುತ್ತದೆ. ಇಂಜಿನ್ ಆಫ್ ಮಾಡಿ, ಅದರ ಒಂದೊಂದು ಮಡಿಕೆಯನ್ನೂ ಬೆರಳಿಂದ ಅಗಲಿಸಿ, ತಳಭಾಗಕ್ಕೂ ಟಾರ್ಚ್ ಬಿಡಿ. ಸೀಳು ಮಡಿಕೆಯ ಒಳಗೇ ಇರುತ್ತದೆ. ಇಂಜಿನ್ ಅಲುಗಿದಾಗ ಬಾಯಿ ಬಿಡುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಸಣ್ಣ ವ್ಯಾಕ್ಯೂಮ್ ಪೈಪ್‌ಗಳನ್ನೂ ಬಿಡಬೇಡಿ. ನಮ್ಮ ಕಡೆ ಗಾಡಿ ಹೊಲದ ಮನೆ ಹತ್ತಿರ ನಿಂತರೆ ಇಲಿ ಕಡಿಯುವುದು ಇದ್ದದ್ದೇ. ಸೋರಿಕೆ ಹುಡುಕೋಕೆ ಬ್ರೇಕ್ ಕ್ಲೀನರ್ ಹೊಡೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಬಿಸಿ ಇಂಜಿನ್ ಮೇಲೆ ಬೆಂಕಿ ಹತ್ತಬಹುದು. ಸ್ಮೋಕ್ ಟೆಸ್ಟ್ (ಪೈಪ್‌ಗಳೊಳಗೆ ಹೊಗೆ ಬಿಟ್ಟು ಎಲ್ಲಿಂದ ಹೊರಬರುತ್ತದೆ ಅಂತ ನೋಡುವುದು) ಮಾಡುವ ಗ್ಯಾರೇಜ್ ಸಿಕ್ಕರೆ ಅದೇ ಒಳ್ಳೇದು.

ನವಲಗುಂದದ ಕಡೆ ಎರೆಮಣ್ಣಿನ ಧೂಳು ಗೊತ್ತಲ್ವಾ? ಫಿಲ್ಟರ್ ಸರಿಯಾಗಿ ಕೂರದಿದ್ದರೆ ಆ ನುಣ್ಣನೆ ಧೂಳು ನೇರ ಮ್ಯಾಫ್ ತಂತಿಗೆ ಅಂಟುತ್ತದೆ. ಆಗ ಅದು ಬರುವ ಗಾಳಿಯನ್ನು ಕಡಿಮೆ ಅಂತ ಅಳೆಯುತ್ತದೆ, ಪೆಟ್ರೋಲ್ ಕೂಡ ಕಡಿಮೆ ಹೋಗುತ್ತದೆ. ಮ್ಯಾಫ್ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ. ಬಟ್ಟೆ, ಬೆರಳು ತಾಗಿಸಬೇಡಿ. ಪೂರ್ತಿ ಒಣಗಿದ ಮೇಲೆ ಕೂರಿಸಿ.

ಇವೆರಡೂ ಸರಿಯಿದ್ದರೆ ಪೆಟ್ರೋಲ್ ಪ್ರೆಶರ್ ಗೇಜ್ ಹಾಕಿಸಿ ನೋಡಿ. ಆಕ್ಸಿಜನ್ ಸೆನ್ಸರ್‌ಗಿಂತ ಮುಂಚೆ ಸೈಲೆನ್ಸರ್ ಪೈಪ್ ಸೋರುತ್ತಿದ್ದರೂ ಇದೇ ಕೋಡ್ ಬರಬಹುದು.

ಒಂದು ಎಚ್ಚರಿಕೆ. ಲೈಟ್ ಸುಮ್ನೆ ಹತ್ತಿರುವುದು ಬೇರೆ, ಮಿಣುಕುವುದು ಬೇರೆ. ಮಿಣುಕಿದರೆ ಮಿಸ್‌ಫೈರ್ ಆಗಿ (ಪೆಟ್ರೋಲ್ ಸರಿಯಾಗಿ ಉರಿಯದೆ) ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಡುತ್ತಿರಬಹುದು. ಗಾಡಿ ಬದಿಗೆ ನಿಲ್ಲಿಸಿ.

ಐಡಲ್‌ನಲ್ಲಿ ಎಷ್ಟು, 2500ರಲ್ಲಿ ಎಷ್ಟು, ಆ ಟ್ರಿಮ್ ನಂಬರ್‌ಗಳನ್ನು ಫ್ರೀಜ್ ಫ್ರೇಮ್ ಜೊತೆ ಇಲ್ಲಿ ಹಾಕಿ. ಮುಂದೆ ಎಲ್ಲಿ ಕೈ ಹಾಕಬೇಕು ಅಂತ ನೋಡೋಣ.