ಕ್ಯಾಮೆರಾ ಪ್ರಶ್ನೋತ್ತರ: ಹುಳದಿಂದ ಎಷ್ಟು ದೂರ?

ಕಳೆದ ಸಂಚಿಕೆಯಲ್ಲಿ ಜೋಗಿಮಟ್ಟಿಯ ಬಂಡೆ ಮೇಲೆ ಕೂತಿದ್ದ ಜಿಗಿಯುವ ಜೇಡದ ಫೋಟೊ ಹಾಕಿದ್ದೆ. ಅಷ್ಟಕ್ಕೇ ಈ ಸಲ ಬಂದ ಕಾಗದಗಳಲ್ಲಿ ಮುಕ್ಕಾಲು ಪಾಲು ಮ್ಯಾಕ್ರೋ ಲೆನ್ಸ್, ಅಂದರೆ ಸಣ್ಣ ವಸ್ತುವನ್ನು ತೀರಾ ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಲೆನ್ಸ್ ಬಗ್ಗೆಯೇ. ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ. ಮದುವೆ ಆಲ್ಬಮ್ ಬಗ್ಗೆ ಕೇಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಸರ್, ನನ್ನ ಹತ್ತಿರ ಕ್ಯಾನನ್ 1500ಡಿ ಇದೆ. ಜೊತೆಗೆ 18-55, 55-250 ಲೆನ್ಸ್. ಭಾನುವಾರ ಜೋಗಿಮಟ್ಟಿ, ಚಂದ್ರವಳ್ಳಿ ಕಡೆ ಹೋಗಿ ಚಿಟ್ಟೆ, ಜೇಡ ತೆಗೆಯುತ್ತೇನೆ. ಮ್ಯಾಕ್ರೋದಲ್ಲಿ 60 ಎಂಎಂ ತಗೊಳ್ಳಲೋ, 100 ಎಂಎಂ ತಗೊಳ್ಳಲೋ? ಅಂಗಡಿಯವರು ‘ಎರಡೂ 1:1, ಕಡಿಮೆ ರೇಟಿಂದೇ ತಗೊಳ್ಳಿ’ ಅನ್ನುತ್ತಾರೆ.
— ಬ್ಯಾಂಕ್ ನೌಕರ, ಚಿತ್ರದುರ್ಗ

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಅರ್ಧ ಮಾತ್ರ ಹೇಳಿದ್ದಾರೆ.

1:1 ಅಂದರೇನು ಅನ್ನುವುದಕ್ಕೆ ನಾನು ಯಾವಾಗಲೂ ಮಂಡಕ್ಕಿ ಲೆಕ್ಕ ಹೇಳುತ್ತೇನೆ. ದಾವಣಗೆರೆಯವನಿಗೆ ಬೇರೆ ಏನು ಹೊಳೆಯಬೇಕು? ನಿಮ್ಮ ಕ್ಯಾಮೆರಾದ ಸೆನ್ಸರ್ 22.3 ಮಿ.ಮೀ. ಅಗಲ, 14.9 ಮಿ.ಮೀ. ಎತ್ತರ. ಒಂದು ಮಂಡಕ್ಕಿ ಒಂದು ಸೆಂಟಿಮೀಟರ್ ಉದ್ದ ಅಂತ ಇಟ್ಟುಕೊಳ್ಳಿ. 1:1ರಲ್ಲಿ ಅದರ ಬಿಂಬ ಸೆನ್ಸರ್ ಮೇಲೂ ಒಂದು ಸೆಂಟಿಮೀಟರೇ ಬೀಳುತ್ತದೆ. ಎರಡು ಮಂಡಕ್ಕಿ ಉದ್ದುದ್ದ ಜೋಡಿಸಿದರೆ ಫ್ರೇಮ್ ತುಂಬಿತು. 60 ಆಗಲಿ, 100 ಆಗಲಿ, ಈ ಲೆಕ್ಕ ಒಂದೇ. ಬೇರೆಯಾಗುವುದು ಮಂಡಕ್ಕಿಗೂ ಲೆನ್ಸಿನ ಮೂತಿಗೂ ನಡುವೆ ಉಳಿಯುವ ಜಾಗ.

ಕ್ಯಾನನ್ 60ಕ್ಕೆ ಕನಿಷ್ಠ ಫೋಕಸ್ ದೂರ 20 ಸೆಂ.ಮೀ., 100ಕ್ಕೆ ಸುಮಾರು 30 ಸೆಂ.ಮೀ. ಅಂತ ಬರೆದಿರುತ್ತಾರೆ. ಅದನ್ನು ಓದಿ ಏಮಾರಬೇಡಿ. ಈ ದೂರ ಅಳೆಯುವುದು ಲೆನ್ಸಿನ ತುದಿಯಿಂದ ಅಲ್ಲ, ಸೆನ್ಸರ್‌ನಿಂದ. ಕ್ಯಾಮೆರಾದ ನೆತ್ತಿ ಮೇಲೆ ಒಂದು ಸಣ್ಣ ಸೊನ್ನೆ, ಅದನ್ನು ಸೀಳುವ ಒಂದು ಗೆರೆ ಇರುತ್ತದೆ ನೋಡಿ, ಅಲ್ಲಿಂದ. ಬಾಡಿ, ಲೆನ್ಸ್ ಎಲ್ಲ ಕಳೆದರೆ 60ರಲ್ಲಿ ಹುಳಕ್ಕೂ ಗಾಜಿಗೂ ನಡುವೆ ಉಳಿಯುವುದು 9 ಸೆಂ.ಮೀ. ಆಸುಪಾಸು. 100ರಲ್ಲಿ 14-15.

ಐದಾರು ಸೆಂಟಿಮೀಟರಿಗೆ ಇಷ್ಟೊಂದು ಮಾತಾ ಅನ್ನಿಸಬಹುದು. ಚಿಟ್ಟೆಯನ್ನು ಕೇಳಿ, ಅದು ಹೇಳುತ್ತದೆ. ನಾನು ಮೊದಮೊದಲು 50 ಎಂಎಂ ಲೆನ್ಸನ್ನೇ ಹಿಂದುಮುಂದು ತಿರುಗಿಸಿ, ರಿವರ್ಸ್ ರಿಂಗ್ ಹಾಕಿ ತೆಗೆಯುತ್ತಿದ್ದೆ. ತುಂಬೆ ಗಿಡದ ಮುಂದೆ ಮೊಣಕಾಲೂರಿ ಉಸಿರು ಬಿಗಿಹಿಡಿದು ಮುಂದೆ ಸರಿದರೆ, ಫೋಕಸ್ ಸಿಗುವ ಹೊತ್ತಿಗೆ ಲೆನ್ಸಿನ ನೆರಳೇ ಹೂವಿನ ಮೇಲೆ. ಇನ್ನೊಂದು ಬೆರಳಷ್ಟು ಮುಂದೆ ಹೋದರೆ ಚಿಟ್ಟೆ ಇಲ್ಲ. ಒಂದು ಇಡೀ ಮಳೆಗಾಲದಲ್ಲಿ ನನಗೆ ಸಿಕ್ಕ ಒಳ್ಳೆಯ ಚಿಟ್ಟೆ ಒಂದೇ. ಅದೂ ಸತ್ತಿತ್ತು ಅಂತ ಆಮೇಲೆ ಗೊತ್ತಾಯಿತು.

ಹಾಗಾಗಿ ಹುಳ, ಚಿಟ್ಟೆ ಅಂದರೆ 100. ಹೂ, ಎಲೆ, ಉಂಗುರ, ಹಣತೆ ಇಷ್ಟೇ ಸಾಕು ಅನ್ನುವವರಿಗೆ 60 ಹಗುರ, ಚೊಕ್ಕ. ಆದರೆ ಅದು ದೊಡ್ಡ ಸೆನ್ಸರ್ ಇರುವ ಕ್ಯಾನನ್ನಿನ ಫುಲ್‌ಫ್ರೇಮ್ ಡಿಎಸ್‌ಎಲ್‌ಆರ್‌ಗಳಿಗೆ ಕೂರುವುದಿಲ್ಲ, ನೆನಪಿರಲಿ. 100ರಲ್ಲಿ ಎರಡು ಮಾದರಿ ಓಡಾಡುತ್ತಿವೆ. 2000ದಲ್ಲಿ ಬಂದದ್ದು ಒಂದು, 2009ರಲ್ಲಿ ಕೆಂಪು ಪಟ್ಟಿ ಹಾಕಿಕೊಂಡು ಬಂದ ಎಲ್ ಮಾದರಿ ಇನ್ನೊಂದು. ಎರಡನೆಯದಕ್ಕೆ ಕೈ ನಡುಕ ತಡೆಯುವ ಐಎಸ್ ಇದೆ. ಅದಕ್ಕಾಗಿ ಸಾಲ ಮಾಡಬೇಡಿ. ತೀರಾ ಹತ್ತಿರ ಹೋದಾಗ ಐಎಸ್ ಬಲ ತುಂಬ ಇಳಿಯುತ್ತದೆ. ಅಲ್ಲದೆ ಅದು ತಡೆಯುವುದು ನಿಮ್ಮ ಕೈಯನ್ನು, ಗಾಳಿಯನ್ನಲ್ಲ. ನಿಮ್ಮ ಊರಿನ ಗಾಳಿ ಎಂಥದ್ದು ಅಂತ ನಾನು ಹೇಳಬೇಕಾ? ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ನೆ ಅಲ್ಲ.

ಆ ಗಾಳಿಗೆ ನನ್ನ ಮದ್ದು ಎರಡು. ಒಂದು, ಬೆಳಗ್ಗೆ ಏಳರ ಒಳಗೆ ಹೋಗುವುದು. ರಾತ್ರಿಯ ಚಳಿಗೆ ಹುಳಗಳು ಮರಗಟ್ಟಿ ಕೂತಿರುತ್ತವೆ, ಗಾಳಿಯೂ ಇನ್ನೂ ಎದ್ದಿರುವುದಿಲ್ಲ. ಎರಡು, ಒಂದು ಗೂಟಕ್ಕೆ ಬಟ್ಟೆ ಒಣಹಾಕುವ ಕ್ಲಿಪ್ ಕಟ್ಟಿಕೊಂಡು ಹೋಗಿ ಕಡ್ಡಿಯನ್ನು ಮೆಲ್ಲಗೆ ಹಿಡಿಸುವುದು. ಹುಳವನ್ನು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ತೆಗೆಯುವವರೂ ಇದ್ದಾರೆ. ನನಗೆ ಅದು ಹಿಡಿಸುವುದಿಲ್ಲ.

ಈಗ ಅಂಗಡಿಯವರಿಗೆ ಹಿಡಿಸದ ಮಾತು. ನಿಮ್ಮ ಹತ್ತಿರ 55-250 ಇದೆಯಲ್ಲ, ಮೊದಲು ಅದರ ಮೂತಿಗೆ ರೇನಾಕ್ಸ್ ಡಿಸಿಆರ್-250 ಸಿಕ್ಕಿಸಿ ಆರು ತಿಂಗಳು ಆಡಿ. ಅದು 8 ಡಯಾಪ್ಟರ್ ಶಕ್ತಿಯ ಸಣ್ಣ ಭೂತಗನ್ನಡಿ, 100ರ ಬೆಲೆಯ ಮುಂದೆ ಚಿಲ್ಲರೆ ಕಾಸು. ಲೆನ್ಸನ್ನು ದೂರದ ಫೋಕಸ್‌ಗೆ ಇಟ್ಟರೆ ಝೂಮ್ ಎಷ್ಟೇ ಇರಲಿ, ಹುಳಕ್ಕೂ ಅದಕ್ಕೂ ನಡುವೆ ಸುಮಾರು 12 ಸೆಂ.ಮೀ. ಸಿಗುತ್ತದೆ. 125 ಎಂಎಂನಲ್ಲಿ 1:1. ಪೂರ್ತಿ 250ಕ್ಕೆ ಎಳೆದರೆ 2:1, ಅಂದರೆ ಒಂದೇ ಮಂಡಕ್ಕಿಗೆ ಫ್ರೇಮ್ ತುಂಬಿತು. ಇಷ್ಟು ದೊಡ್ಡದು 100ಕ್ಕೂ ಆಗುವುದಿಲ್ಲ. 55ರ ಕಡೆ ಬಂದರೆ ಮೂಲೆಗಳು ಕಪ್ಪಾಗಬಹುದು. ಝೂಮ್ ಬದಲಿಸಿದಾಗಲೆಲ್ಲ ಫೋಕಸ್ ಹುಡುಕಾಟ ಬೇರೆ. ಆದರೆ ನಿಮಗೆ ನಿಜಕ್ಕೂ ಈ ಹುಚ್ಚು ಇದೆಯಾ ಇಲ್ಲವಾ ಅನ್ನುವುದು ಆರು ತಿಂಗಳಲ್ಲಿ ಗೊತ್ತಾಗುತ್ತದೆ.

ಯಾವುದನ್ನೇ ಹಾಕಿ, ಆಟೊಫೋಕಸ್ ಆಫ್ ಮಾಡಿ. ಲೆನ್ಸಿನ ಫೋಕಸ್ ಉಂಗುರವನ್ನು ಒಂದು ಕಡೆ ನಿಲ್ಲಿಸಿ, ಮೈಯನ್ನೇ ಹಿಂದೆ ಮುಂದೆ ತೂಗಿ ಜೇಡದ ಕಣ್ಣು ಚೂಪಾದಾಗ ಒತ್ತಿ. ಎಫ್ ಅಂದರೆ ಅಪರ್ಚರ್, ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಸಣ್ಣದು. 1:1ರಲ್ಲಿ ಎಫ್ 8 ಇಟ್ಟರೂ ಚೂಪಾಗಿ ಸಿಗುವ ಆಳ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ, ಅಷ್ಟೇ. ಹಾಗಂತ ಎಫ್ 22ಕ್ಕೆ ಹೋದರೆ ಇಡೀ ಚಿತ್ರವೇ ಮೆತ್ತಗಾಗುತ್ತದೆ. ನಾನು 8ಕ್ಕೂ 11ಕ್ಕೂ ನಡುವೆ ನಿಲ್ಲುತ್ತೇನೆ. ಬೆಳಕು ಸಾಲದಿದ್ದರೆ ಫ್ಲ್ಯಾಶ್, ಅದರ ಮುಂದೆ ಟ್ರೇಸಿಂಗ್ ಪೇಪರ್.

ಪ್ರಶ್ನೆ: ನನ್ನ 70-300 ಟ್ಯಾಮ್ರಾನ್ ಲೆನ್ಸ್ ಮೇಲೆ ‘ಮ್ಯಾಕ್ರೋ’ ಅಂತ ಬರೆದಿದೆ. ಬೇರೆ ಯಾಕೆ ತಗೋಬೇಕು?
— ಡಿಗ್ರಿ ವಿದ್ಯಾರ್ಥಿ, ಹೊಸದುರ್ಗ

ಉತ್ತರ: ಅದರ ಮೇಲಿನ ಮ್ಯಾಕ್ರೋ ಸ್ವಿಚ್ ಹಾಕಿದರೆ 1:2 ಸಿಗುತ್ತದೆ, ಅಂದರೆ ನಿಜ ಗಾತ್ರದ ಅರ್ಧ. 95 ಸೆಂ.ಮೀ. ದೂರದಿಂದ. ದೊಡ್ಡ ಚಿಟ್ಟೆಗೆ, ಏರೋಪ್ಲೇನ್ ಚಿಟ್ಟೆಗೆ ಧಾರಾಳ ಸಾಕು. ಇರುವೆಗೆ ಸಾಲದು. ತಗೋಬೇಡ, ತಮ್ಮಾ.

ಪ್ರಶ್ನೆ: ನನ್ನದು ನಿಕಾನ್ ಡಿ3400. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ 60 ಎಂಎಂ ಎಎಫ್-ಡಿ ‘ಮೈಕ್ರೋ’ ಲೆನ್ಸ್ ಕಡಿಮೆ ಬೆಲೆಗೆ ಬಂದಿದೆ. ಆಟೊಫೋಕಸ್ ಆಗುವುದಿಲ್ಲ ಅಂತ ಗೆಳೆಯರು ಹೆದರಿಸುತ್ತಿದ್ದಾರೆ.
— ಸ್ಟುಡಿಯೊ ಸಹಾಯಕ, ಹರಿಹರ

ಉತ್ತರ: ಮೊದಲು ಹೆಸರು. ನಿಕಾನ್‌ನವರು ಮ್ಯಾಕ್ರೋಗೆ ಮೈಕ್ರೋ ಅನ್ನುತ್ತಾರೆ, ಅಷ್ಟೇ. ಗೆಳೆಯರ ಮಾತು ನಿಜ. ಡಿ3000, ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಈ ಹಳೆಯ ಲೆನ್ಸ್ ಬಾಡಿಯ ಮೋಟರನ್ನೇ ನಂಬಿಕೊಂಡದ್ದು. ಆದರೆ ಮೇಲೆ ಹೇಳಿದೆನಲ್ಲ, ಮ್ಯಾಕ್ರೋದಲ್ಲಿ ಆಟೊಫೋಕಸ್ ಯಾರಿಗೆ ಬೇಕು? ಬೆಳಕಿನ ಅಳತೆ ಸರಿಯಾಗಿಯೇ ಸಿಗುತ್ತದೆ. ಅಪರ್ಚರ್ ಉಂಗುರವನ್ನು ಕೊನೆಯ 32ಕ್ಕೆ ತಿರುಗಿಸಿ ಲಾಕ್ ಮಾಡುವುದನ್ನು ಮರೆಯಬೇಡಿ. ಮರೆತರೆ ಕ್ಯಾಮೆರಾ ‘ಎಫ್‌ಇಇ’ ಅಂತ ತೋರಿಸಿ ಮುಷ್ಕರ ಹೂಡುತ್ತದೆ. ಮದುವೆಗೂ ಇದನ್ನೇ ಬಳಸುವ ಆಸೆ ಇದ್ದರೆ ಮಾತ್ರ ಬೇಡ.

ದುಡ್ಡು ಕೊಡುವ ಮೊದಲು ಮೊಬೈಲ್ ಟಾರ್ಚ್ ಹಚ್ಚಿ, ಲೆನ್ಸಿನ ಹಿಂದಿನಿಂದ ಬೆಳಕು ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಳಗೆ ಜೇಡರ ಬಲೆಯ ಹಾಗೆ ಎಳೆಗಳು ಕಂಡರೆ ಅದು ಫಂಗಸ್. ಇದನ್ನು ನಾನು ಕಲಿತದ್ದು ದುಡ್ಡು ಕಳೆದುಕೊಂಡು. ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಫಳಫಳ ಹೊಳೆಯುವ 90 ಎಂಎಂ ಮ್ಯಾಕ್ರೋ ಕೊಟ್ಟರು. ಮುಂದಿನ ಗಾಜು ನೋಡಿದೆ, ಒಂದು ಗೀರಿಲ್ಲ, ಖುಷಿಯಿಂದ ತಂದೆ. ಎದುರು ಬೆಳಕಿನಲ್ಲಿ ತೆಗೆದ ಚಿತ್ರವೆಲ್ಲ ಹೊಗೆ ಹಿಡಿದ ಹಾಗೆ. ಟಾರ್ಚ್ ಬಿಟ್ಟರೆ ಒಳಗೆ ಒಂದು ಕಾಡೇ ಬೆಳೆದಿತ್ತು. ವಾಪಸ್ ಕೊಡಲು ಹೋದರೆ ‘ನೋಡಿಯೇ ತಗೊಂಡ್ರಲ್ವಾ’ ಅಂದರು. ನಿಮ್ಮದು ಹೊಳೆ ದಂಡೆಯ ಊರು. ಮಳೆಗಾಲದಲ್ಲಿ ಲೆನ್ಸನ್ನು ಚರ್ಮದ ಚೀಲದಲ್ಲಿ ಇಡಬೇಡಿ. ಗಟ್ಟಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ.

ಪ್ರಶ್ನೆ: ನನ್ನ ನಿಕಾನ್ 105 ಮೈಕ್ರೋ ಎಫ್ 2.8 ಅಂತ ಮಾರಿದರು. ಹತ್ತಿರ ಹೋದರೆ ಕ್ಯಾಮೆರಾ 4.8 ತೋರಿಸುತ್ತದೆ. ಮೋಸವಾ?
— ದಾವಣಗೆರೆ

ಉತ್ತರ: ಮೋಸವಲ್ಲ, ಪ್ರಾಮಾಣಿಕತೆ. ಹತ್ತಿರ ಹೋದಷ್ಟೂ ಸೆನ್ಸರ್‌ಗೆ ಮುಟ್ಟುವ ಬೆಳಕು ಕಡಿಮೆ. ಎಲ್ಲ ಮ್ಯಾಕ್ರೋ ಲೆನ್ಸಿನದೂ ಇದೇ ಹಣೆಬರಹ. ನಿಕಾನ್ ಬಾಡಿ ಅದನ್ನು ತೋರಿಸುತ್ತದೆ, ಕ್ಯಾನನ್ 2.8 ಅಂತಲೇ ತೋರಿಸಿ ಸುಮ್ಮನಿರುತ್ತದೆ. ಮೂಲೆಗೆ ಹೋಗಿ ದೂರದ ಗೋಡೆಗೆ ಫೋಕಸ್ ಮಾಡಿ, 2.8 ವಾಪಸ್ ಬರುತ್ತದೆ.

ಪ್ರಶ್ನೆ: ಅಂಕಲ್, ನಾನು ಡೆಂಟಲ್ ಓದುತ್ತಿದ್ದೇನೆ. ಪೇಷಂಟ್‌ಗಳ ಹಲ್ಲಿನ ಫೋಟೊ ತೆಗೆಯಬೇಕು. ಕ್ಲಾಸ್‌ಮೇಟ್ 35 ಎಂಎಂ ಮ್ಯಾಕ್ರೋ ಸಾಕು ಅನ್ನುತ್ತಾನೆ. 1:1 ಇಲ್ಲದಿದ್ದರೆ ನಡೆಯುತ್ತದಾ?
— ದಾವಣಗೆರೆ

ಉತ್ತರ: ನಡೆಯುತ್ತದೆ, ಡಾಕ್ಟ್ರಮ್ಮಾ. ತುಟಿ ಎಳೆದು ಹಿಡಿದಾಗ ಕಾಣುವ ಹಲ್ಲಿನ ಸಾಲು ಆರೇಳು ಸೆಂಟಿಮೀಟರ್. ನಿಮ್ಮ ಸೆನ್ಸರ್ ಎರಡು ಚಿಲ್ಲರೆ. ಹಾಗಾಗಿ ದಿನದ ಕೆಲಸಕ್ಕೆ 1:3 ಸಾಕು. ಒಂದೇ ಹಲ್ಲಿನ ಬಿರುಕು ತೋರಿಸಬೇಕಾದಾಗ ಮಾತ್ರ 1:1.

ಆದರೆ 35 ಬೇಡ. ಅದನ್ನು ಹಿಡಿದರೆ ಪೇಷಂಟ್ ಬಾಯಿಗೇ ನುಗ್ಗಬೇಕಾಗುತ್ತದೆ. ಮುಂದಿನ ಹಲ್ಲು ಮೊಲದ ಹಲ್ಲಿನಂತೆ ದಪ್ಪ, ದವಡೆ ಹಲ್ಲು ಪುಟಾಣಿ ಕಾಣುತ್ತದೆ. ಉಸಿರಿಗೆ ಗಾಜು ಮಂಜಾಗುತ್ತದೆ. 100ರ ಆಸುಪಾಸಿನದು ತಗೊಳ್ಳಿ, ಜೊತೆಗೆ ಲೆನ್ಸಿನ ಸುತ್ತ ಕೂರುವ ರಿಂಗ್ ಫ್ಲ್ಯಾಶ್. ದವಡೆ ಹಲ್ಲಿನವರೆಗೂ ಚೂಪಾಗಿ ಬರಬೇಕಲ್ಲ, ಇಲ್ಲಿ ಎಫ್ 22 ಇಟ್ಟರೂ ತಪ್ಪಿಲ್ಲ. ಜೇಡದವರಿಗೆ ಹೇಳಿದ್ದಕ್ಕೆ ಇದು ಉಲ್ಟಾ, ಗೊತ್ತು. ಅಲ್ಲಿಯಷ್ಟು ಹತ್ತಿರ ಇಲ್ಲಿ ಹೋಗುವುದಿಲ್ಲ. ಹೋಲಿಸಿ ನೋಡುವ ಫೋಟೊಗಳಿಗೆ ಲೆನ್ಸಿನ ಮೇಲಿರುವ ಅನುಪಾತದ ಗುರುತನ್ನು ಮೊದಲೇ 1:3ಕ್ಕೆ ನಿಲ್ಲಿಸಿಕೊಂಡು, ಹಿಂದೆ ಮುಂದೆ ಸರಿದು ಫೋಕಸ್ ಮಾಡಿ. ಆಗ ಚಿಕಿತ್ಸೆಗೆ ಮುಂಚಿನದೂ ಆಮೇಲಿನದೂ ಒಂದೇ ಅಳತೆಯಲ್ಲಿ ಬರುತ್ತವೆ. ಬಾಯೊಳಗಿನ ಕನ್ನಡಿಯನ್ನು ಬಿಸಿನೀರಿನಲ್ಲಿ ಅದ್ದಿ ಒರೆಸಿದರೆ ಮಂಜು ಕಟ್ಟುವುದಿಲ್ಲ.

ಪ್ರಶ್ನೆ: ಅಜ್ಜನ ಕಾಲದ ನಾಣ್ಯಗಳಿವೆ. ಮಕ್ಕಳಿಗೆ ತೋರಿಸಲು ದೊಡ್ಡದಾಗಿ ತೆಗೆಯಬೇಕು. 1:1 ಲೆನ್ಸ್ ಯಾವುದು ಒಳ್ಳೆಯದು? ಕ್ಯಾಮೆರಾ ನಿಕಾನ್ ಡಿ5600.
— ಹೈಸ್ಕೂಲ್ ಶಿಕ್ಷಕ, ಚಿತ್ರದುರ್ಗ

ಉತ್ತರ: ಮೇಷ್ಟ್ರೇ, 1:1ರಲ್ಲಿ ನಿಮ್ಮ ನಾಣ್ಯ ಫ್ರೇಮಿನಲ್ಲಿ ಹಿಡಿಸುವುದೇ ಇಲ್ಲ. ಬ್ರಿಟಿಷರ ಬೆಳ್ಳಿ ರೂಪಾಯಿ 30 ಮಿ.ಮೀ. ಅಗಲ, ಸೆನ್ಸರ್ ಎತ್ತರ 15-16. ಅರ್ಧ ಗಾತ್ರ ಸಾಕು. ನಿಕಾನ್ 40 ಎಂಎಂ ಡಿಎಕ್ಸ್ ಮೈಕ್ರೋ ತಗೊಳ್ಳಿ. ಪೂರ್ತಿ 1:1ಕ್ಕೆ ಹೋದರೆ ಅದರ ಮೂತಿ ನಾಣ್ಯದಿಂದ ಮೂರೂವರೆ ಸೆಂಟಿಮೀಟರಿಗೆ ಬಂದು ಬೆಳಕಿಗೇ ಅಡ್ಡ ನಿಲ್ಲುತ್ತದೆ. ಹುಳಕ್ಕೆ ನಾನು ಅದನ್ನು ಹೇಳುವುದಿಲ್ಲ. ಅರ್ಧ ಗಾತ್ರದಲ್ಲಿ ಅಷ್ಟು ಹತ್ತಿರ ಹೋಗಬೇಕಿಲ್ಲ, ನಾಣ್ಯ ಓಡಿಹೋಗುವುದೂ ಇಲ್ಲ.

ಕ್ಯಾಮೆರಾವನ್ನು ನೇರ ಕೆಳಮುಖವಾಗಿ ನಿಲ್ಲಿಸುವುದೇ ಕಷ್ಟ. ನಾಣ್ಯದ ಜಾಗದಲ್ಲಿ ಚಪ್ಪಟೆ ಕನ್ನಡಿ ಚೂರು ಇಟ್ಟು ಒಳಗೆ ನೋಡಿ. ಲೆನ್ಸಿನ ಪ್ರತಿಬಿಂಬ ಸರಿಯಾಗಿ ಫ್ರೇಮಿನ ನಡುವೆ ಕಂಡರೆ ಕ್ಯಾಮೆರಾ ನೆಟ್ಟಗಿದೆ. ಆಮೇಲೆ ಕಿಟಕಿ ಬೆಳಕನ್ನು ಒಂದೇ ಪಕ್ಕದಿಂದ, ತಗ್ಗಿನಿಂದ ಬರಮಾಡಿ. ಸವೆದ ಅಕ್ಷರವೂ ಎದ್ದು ನಿಲ್ಲುತ್ತದೆ. ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ, ದಯವಿಟ್ಟು. ಒಂದು ಸೀಸದ ನಾಣ್ಯ ಚಂದ್ರವಳ್ಳಿಯಲ್ಲಿ ಸಿಕ್ಕಿತು ಅಂತಲೂ ಬರೆದಿದ್ದೀರಿ. 1947ರಲ್ಲಿ ಪುರಾತತ್ವಜ್ಞ ವೀಲರ್ ಅಗೆಸಿದ ಜಾಗ ಅದು, ಶಾತವಾಹನರ ನಾಣ್ಯ ಸಿಕ್ಕ ನೆಲ. ಫೋಟೊ ತೆಗೆದು ಅದನ್ನು ಕೋಟೆ ಊರಿನ ಮ್ಯೂಸಿಯಮ್ಮಿಗೆ ಕೊಟ್ಟುಬಿಡಿ.

ಪ್ರಶ್ನೆ: ಮೆಕ್ಕೆಜೋಳಕ್ಕೆ ಹುಳ ಬಿದ್ದಿದೆ. ಯಾವ ಹುಳ ಅಂತ ಕೇಳಲು ಕೃಷಿ ವಿಜ್ಞಾನ ಕೇಂದ್ರಕ್ಕೆ ಕಳಿಸಬೇಕು. ಮಗನ ಕ್ಯಾಮೆರಾಕ್ಕೆ ಯಾವ ಲೆನ್ಸ್ ಕೊಡಿಸಲಿ?
— ರೈತ, ಜಗಳೂರು ತಾಲ್ಲೂಕು

ಉತ್ತರ: ಯಾವುದೂ ಬೇಡ, ಯಜಮಾನ್ರೇ. ಆ ದುಡ್ಡು ಗೊಬ್ಬರಕ್ಕೆ ಇರಲಿ. 2018ರಲ್ಲಿ ನಮ್ಮ ರಾಜ್ಯದಲ್ಲೇ ಮೊದಲು ಕಾಣಿಸಿಕೊಂಡ ಲದ್ದಿ ಹುಳ, ಅದೇ ಫಾಲ್ ಸೈನಿಕ ಹುಳು, ಇದು ಹೌದೋ ಅಲ್ಲವೋ ಅಂತ ನೋಡಬೇಕು. ಬೆಳೆದ ಹುಳ ಮೂರರಿಂದ ನಾಲ್ಕು ಸೆಂ.ಮೀ. ಉದ್ದ. ಮೊಬೈಲೇ ಸಾಕು.

ಸುಳಿಯೊಳಗೆ ಮರದ ಪುಡಿಯಂಥ ಹಿಕ್ಕೆ ಇದ್ದ ಕಡೆ ಹುಳ ಇರುತ್ತದೆ. ಹೊರಗೆ ತೆಗೆದು ಬಿಳಿ ಹಾಳೆ ಮೇಲೆ ಬಿಡಿ, ಪಕ್ಕದಲ್ಲಿ ಒಂದು ಬೆಂಕಿಕಡ್ಡಿ ಇಡಿ, ಅಳತೆ ತಿಳಿಯಲು. ಮೊಬೈಲನ್ನು ಒಂದು ಗೇಣು ದೂರ ಹಿಡಿದು, ಪರದೆ ಮೇಲೆ ಹುಳವನ್ನು ಮುಟ್ಟಿ ಫೋಕಸ್ ಮಾಡಿ, ಎರಡರಷ್ಟು ಝೂಮ್ ಮಾಡಿ. ತೀರಾ ಹತ್ತಿರ ಹೋದರೆ ಮಸುಕಾಗುತ್ತದೆ. ‘ಮ್ಯಾಕ್ರೋ’ ಅಂತ ಇರುವ 2 ಮೆಗಾಪಿಕ್ಸೆಲ್ ಕ್ಯಾಮೆರಾವನ್ನು ಮುಟ್ಟಲೇಬೇಡಿ, ಮುಖ್ಯ ಕ್ಯಾಮೆರಾವೇ ಮೇಲು. ಎರಡು ಫೋಟೊ ಸಾಕು. ಒಂದು ತಲೆಯದು, ಅಲ್ಲಿ ಇಂಗ್ಲಿಷಿನ ವೈ ಅಕ್ಷರ ತಲೆಕೆಳಗಾದಂಥ ಬಿಳಿ ಗೆರೆ ಇದೆಯಾ ಅಂತ. ಇನ್ನೊಂದು ಬಾಲದ ಕಡೆಯದು, ಅಲ್ಲಿ ನಾಲ್ಕು ಕಪ್ಪು ಚುಕ್ಕೆ ಚೌಕಾಕಾರವಾಗಿ ಕೂತಿವೆಯಾ ಅಂತ. ಎರಡೂ ಇದ್ದರೆ ಅದೇ ಹುಳ. ನನಗೆ ಮತ್ತೆ ಕಾಗದ ಬರೆದು ತಿಂಗಳು ಕಾಯಬೇಡಿ, ಇವತ್ತೇ ಅವರಿಗೆ ಕಳಿಸಿ.